ಕೊಕ್ಕೆಗಳನ್ನು ಸುಡುವ ಮೊದಲು

ನಾನು, ವಯಸ್ಸು ಇಪ್ಪತ್ತೆರಡು, ಕಬ್ಬಿಣದ ಸಾಮಾನಿಗೆ ಪುಡಿ ಬಣ್ಣ ಹಚ್ಚುವ ಪೌಡರ್ ಕೋಟಿಂಗ್ ಕಾರ್ಖಾನೆಯಲ್ಲಿ ಸಾಮಾನು ತೂಗುಹಾಕುವವಳು, ವಾಸ ಕಾರ್ಖಾನೆಯ ಹಿಂದಿನ ಸಾಲುಮನೆ, ಠಾಣೆಗೆ ನಾನಾಗಿಯೇ ಬಂದು ಬರೆಸುವುದೇನೆಂದರೆ:

ನನ್ನ ಅಣ್ಣ ಅಲ್ಲಿಯೇ ಗನ್ ಹಿಡಿದು ಪುಡಿ ಸಿಂಪಡಿಸುತ್ತಾನೆ. ಗನ್ನಿನಿಂದ ಹೊರಡುವ ಪುಡಿಗೆ ಕರೆಂಟು ಏರಿರುವುದರಿಂದ ಅದು ಕಬ್ಬಿಣಕ್ಕೆ ಅಂಟುತ್ತದೆ. ಅನಂತರ ಸಾಮಾನು ಇನ್ನೂರು ಡಿಗ್ರಿ ಒಲೆಗೆ ಹೋಗುತ್ತದೆ. ಪುಡಿ ಕರಗಿ ಗಟ್ಟಿಯಾಗುತ್ತದೆ. ಸಿಂಪಡಿಸುವಾಗ ಸಾಮಾನಿಗೆ ಬಂದ ಕರೆಂಟು ಅದನ್ನು ತೂಗುಹಾಕಿದ ಕೊಕ್ಕೆಯ ಮೂಲಕ ನೆಲಕ್ಕೆ ಇಳಿಯಬೇಕು. ಕೊಕ್ಕೆಯ ಮೇಲೂ ಪ್ರತಿಸಲ ಬಣ್ಣ ಕೂತು ಬೇಯುವುದರಿಂದ ವಾರಕ್ಕೊಮ್ಮೆ ಅದನ್ನು ಸುಟ್ಟು ಬರಿದು ಮಾಡಬೇಕು, ಇಲ್ಲದಿದ್ದರೆ ಬಣ್ಣ ಅಡ್ಡವಾಗಿ ಕರೆಂಟು ಇಳಿಯದೆ ಕಿಡಿ ಹಾರುತ್ತದೆ. ನಮ್ಮಲ್ಲಿ ಕೆಲಸ ನಿಲ್ಲುತ್ತದೆ, ಗ್ಯಾಸು ಖರ್ಚಾಗುತ್ತದೆಂದು ಸುಡುವುದನ್ನೇ ಬಿಟ್ಟು, ತುದಿಯನ್ನಷ್ಟೇ ಚಾಕುವಿನಿಂದ ಕೆರೆಯುವ ರೂಢಿ. ಮೇಲ್ಭಾಗ ಬಣ್ಣ ಕೂತು ಹೆಬ್ಬೆರಳಿನಷ್ಟು ದಪ್ಪವಾಗಿತ್ತು. ಕೊಕ್ಕೆ ಸುಡಿಸಿ ಎಂದು ಮೇಸ್ತ್ರಿಗೆ ಹೇಳಿದಾಗ ಅವರು, ಓದಿದ ಮೇಡಂ ಬಂದ್ರು, ಕುರ್ಚಿ ಹಾಕ್ರಪ್ಪ ಎಂದರು. ನಾನು ಶಾಲೆ ಬಿಟ್ಟವಳು. ಕಾರ್ಮಿಕರ ಕಿರುಹೊತ್ತಗೆಗಳನ್ನು ಓದಿ ತಿಳಿದದ್ದು. ದುಡಿಯುವವರ ಮೈಗಿಂತ ಒಲೆಯ ಗ್ಯಾಸಿಗೇ ಹೆಚ್ಚು ಬೆಲೆಯೇ ಎಂದು ಈಗ ಇಲ್ಲಿ ಠಾಣೆಯಲ್ಲಿ ಕೇಳಿದಾಗ, ಕಂಡದ್ದನ್ನಷ್ಟೇ ಹೇಳಬೇಕೆಂದು ಬರೆದುಕೊಳ್ಳುವವರು ತಿಳಿಸಿದರು. ಕಂಡದ್ದನ್ನು ಹೇಳುತ್ತೇನೆ.

ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಅಣ್ಣ ಕಿಟಕಿಯ ಚೌಕಟ್ಟಿಗೆ ಪುಡಿ ಹೊಡೆಯುತ್ತಿದ್ದ. ನಾನು ಆರು ಅಡಿ ದೂರದಲ್ಲಿದ್ದೆ. ಕೊಕ್ಕೆಯ ಹತ್ತಿರ ಕಿಡಿ ಹಾರಿತು. ಗಾಳಿಯಲ್ಲಿದ್ದ ಪುಡಿಯೆಲ್ಲ ಒಮ್ಮೆಲೇ ಹೊತ್ತಿತು. ಅಣ್ಣ ಗನ್ನನ್ನು ಅದರ ಜಾಗದಲ್ಲಿ ನೇತುಹಾಕಿ, ಆಮೇಲೆ ಕುಸಿದು ಕೂತ. ಈಗ ಆಸ್ಪತ್ರೆಯಲ್ಲಿದ್ದಾನೆ. ಮುಖಕ್ಕೆ ಬಟ್ಟೆ ಕಟ್ಟಿದೆ, ಮಾತಿಲ್ಲ.

ಅವನು ಸಿಗರೇಟು ಹಚ್ಚಿದ್ದರಿಂದ ಬೆಂಕಿ ಬಿತ್ತೆಂದು ಮಾಲೀಕರು ದೂರು ಕೊಟ್ಟಿದ್ದಾರೆ. ಅಣ್ಣ ಸೇದುವವನಲ್ಲ. ಒಗ್ಗರಣೆಯ ಹೊಗೆಗೂ ಕೆಮ್ಮಿ ಗಲಾಟೆ ಮಾಡುತ್ತಾನೆಂದು ಅತ್ತಿಗೆ ಅವನನ್ನು ಅಡುಗೆಮನೆಗೇ ಬಿಡುವುದಿಲ್ಲ.

ಇಂದು ನಾನು ಆಸ್ಪತ್ರೆಯಿಂದ ಬರುವಾಗ ಮೇಸ್ತ್ರಿ ಕೊಕ್ಕೆಗಳನ್ನೆಲ್ಲ ಗಾಡಿಗೆ ತುಂಬಿ ಸುಡುವ ಒಲೆಗೆ ತಳ್ಳುತ್ತಿದ್ದರು. ಇವತ್ತೇ ಯಾಕೆ ಎಂದು ಕೇಳಿದೆ. ನಿನ್ನಾಸೆ ತಾನೇ ಕಣಮ್ಮ, ಸುಡ್ತಿದೀವಿ, ಸಂತೋಷಪಡು ಎಂದರು. ಕೊಕ್ಕೆ ಬರಿದಾದರೆ ಅಣ್ಣನ ಮೇಲಿನ ಅಪವಾದವೊಂದೇ ಉಳಿಯುತ್ತದೆ. ಬಣ್ಣ ಪೂರ್ತಿ ಸುಡಲು ಮೂರು ಗಂಟೆ ಬೇಕು. ಈ ಬೆಂಚಿನ ಮೇಲೆ ನನಗೆ ಒಂದೂವರೆ ಗಂಟೆಯಾಗಿದೆ. ಯಾರಾದರೂ ಒಬ್ಬರು ಹೋಗಿ ಆ ಒಲೆ ಆರಿಸಬೇಕೆಂದು ಕೈಮುಗಿದು ಕೇಳುತ್ತೇನೆ. ಸಾಹೇಬ್ರು ಊಟಕ್ಕೆ ಹೋಗಿದಾರೆ, ನೀನು ಮೊದ್ಲು ಸಹಿ ಹಾಕಮ್ಮ ಎಂದು ಬರೆದುಕೊಳ್ಳುವವರು ಹೇಳಿದ್ದಾರೆ.

ಬರೆದದ್ದನ್ನು ಓದಿ ನೋಡಿದೆ, ಇದರಲ್ಲಿ ಸುಳ್ಳಿಲ್ಲ. ಸಹಿ ಹಾಕುವ ಈ ಹೊತ್ತಿಗೂ ಠಾಣೆಯಿಂದ ಯಾರೂ ಹೊರಟಿಲ್ಲ ಎಂಬುದನ್ನೂ ಸೇರಿಸಲು ಕೇಳಿದೆ. ಸೇರಿಸಿದ್ದಾರೆ.

ಸ್ಥಳ: ಠಾಣೆ
ದಿನ: ಬೆಂಕಿಯ ಮರುದಿನ, ಮಧ್ಯಾಹ್ನ
ಸಹಿ