ಹೊಸ್ತಿಲಾಚೆಯ ಬತ್ತಳಿಕೆ

ವೇದಿಕೆಯ ನಡುವಿನ ಕುರ್ಚಿಯನ್ನು ತುಂಬಿರುವ ಮಾನ್ಯ ಅಧ್ಯಕ್ಷರೇ, ದೂರದಿಂದ ದಯಮಾಡಿಸಿದ ಮುಖ್ಯ ಅತಿಥಿಗಳೇ, ಭಾಲ್ಕಿಯ ಈ ಬಿಲ್ಲುಗಾರರ ಸಂಘದ ಹಿರಿಯರೇ, ಊಟದ ವಾಸನೆ ಬಂದರೂ ಎದ್ದು ಹೋಗದ ಸಭಿಕರೇ,

ಮಾತಾಡಲು ನನಗೆ ಅಂಜಿಕೆಯಿಲ್ಲ. ಔರಾದ–ಭಾಲ್ಕಿ ಬಸ್ಸಿನಲ್ಲಿ ನೌಕರಿಯುದ್ದಕ್ಕೂ ನಿಂತೇ ಕೂಗಿದ ಕಂಡಕ್ಟರ್ ಈ ಧಮ್ಮಪಾಲ. ಅಲ್ಲಿ ನನ್ನ ಮಾತು ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ನೀವೆಲ್ಲ ಇಷ್ಟು ಸುಮ್ಮನೆ ಕುಳಿತಿರುವುದೇ ನನಗೆ ಕಷ್ಟವಾಗಿದೆ.

ಈ ಸನ್ಮಾನ ನನ್ನದಲ್ಲ. ಮೇಜಿನ ಮೇಲಿರುವ ಈ ತೊಗಲಿನ ಬತ್ತಳಿಕೆಯನ್ನು ಮಾಡಿದ ನನ್ನ ಅಪ್ಪ ಪಂಢರಿಯದು. ಹೋದ ಚಳಿಗಾಲದಲ್ಲಿ ಅವನು ತೀರಿಕೊಂಡ. ಹಾಗಾಗಿ ಶಾಲು ನನ್ನ ಹೆಗಲಿಗೆ ಬಂದಿದೆ.

ಮುಖ್ಯ ಅತಿಥಿಗಳು ಬತ್ತಳಿಕೆಯನ್ನು ತಿರುಗಿಸಿ ನೋಡಿ, ಅದರ ಬಾಯಿಯ ಬಾಗನ್ನು ಬಹಳ ಹೊಗಳಿದರು. ಬಹಮನಿ ಕಾಲದ ಕುಶಲತೆ ಎಂದರು. ಈ ಕುಲಕಸುಬನ್ನು ಮಗ ಮುಂದುವರಿಸಲಿ ಎಂದೂ ಹಾರೈಸಿದರು. ದೊಡ್ಡವರ ಮಾತಿಗೆ ಎದುರಾಡಬಾರದು, ನಿಜ. ಆದರೆ ಸ್ವಾಮಿ, ಅದು ಬಾಗಲ್ಲ, ಸೊಟ್ಟ. ಯಾಕೆ ಸೊಟ್ಟಾಯಿತೆಂದು ಹೇಳದೆ ಶಾಲು ಹೊದ್ದು ಹೋದರೆ ನಾನು ಆ ಮುದುಕನ ಮಗನೇ ಅಲ್ಲ.

ನಮ್ಮ ಹಿರಿಯರ ಪಾಲಿಗೆ ಬಂದದ್ದು ಸತ್ತ ದನ ಎಳೆಯುವ ಕೆಲಸ, ತೊಗಲಿನ ಕೆಲಸ. ಅದನ್ನು ಅವರು ಆರಿಸಿಕೊಂಡಿದ್ದರೇ? ಊರು ಅವರಿಗಾಗಿ ಆರಿಸಿತ್ತು. ಅಪ್ಪ ಅವ್ವ ಹೊಸದಾಗಿ ಮದುವೆಯಾದಾಗ ಬುದ್ಧನಿಗೆ ಶರಣಾದರು. ಅಂದೇ ನನ್ನ ಅವ್ವ ಅನುಸೂಯಾಬಾಯಿ ಮನೆಯನ್ನೆಲ್ಲ ತೊಳೆದು ಹೇಳಿದಳಂತೆ: "ಇನ್ನ ಈ ಹೊಸ್ತಿಲ ದಾಟಿ ತೊಗಲು ಒಳಗ ಬರಬಾರ್ದು ನೋಡ್ರಿ." ಅಪ್ಪ ಆಗಲಿ ಎಂದ. ಅಂದಿನಿಂದ ಕೂಲಿ ಮಾಡಿದ, ಗಾರೆ ಹೊತ್ತ, ನಮ್ಮನ್ನು ಸಾಲಿಗೆ ಕಳಿಸಿದ. ನಾನು ಖಾಕಿ ತೊಟ್ಟು ಬಸ್ ಹತ್ತಿದ ದಿನ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಆ ಒಂದು ಮಾತಿನ ಮೇಲೆ ನಮ್ಮ ಮನೆ ನಿಂತಿದೆ. ಅದನ್ನು ಮುರಿಯುವುದೆಂದರೆ ಗೋಡೆಯ ಬುಡದ ಕಲ್ಲು ಎಳೆದಂತೆ.

ಹೀಗಿರುವಾಗ ನನ್ನ ಮಗಳು ಪ್ರಣಾಲಿ ಬೀದರಿನ ಹಾಸ್ಟೆಲಿನಲ್ಲಿದ್ದು ಬಿಲ್ಲು ಹಿಡಿದಳು. ಅವಳ ಪ್ಲಾಸ್ಟಿಕ್ ಬತ್ತಳಿಕೆ ಸೀಳಿಹೋಗಿತ್ತು. ರಜೆಯಲ್ಲಿ ಅದಕ್ಕೆ ದಾರ ಸುತ್ತುತ್ತಿದ್ದವಳನ್ನು ನೋಡುತ್ತ ಕುಳಿತಿದ್ದ ಅಪ್ಪ, ಮರುದಿನ ಔರಾದದ ಸಂತೆಗೆ ಹೋಗಿ ತೊಗಲು ಮಾರುವ ಸಾಜಿದ ಭಾಯಿಯ ಹತ್ತಿರ ಆಡಿನ ತೊಗಲು ತಂದ. ಅವ್ವ ಬಾಗಿಲಲ್ಲೇ ನಿಂತಳು. ಅಪ್ಪ ತೊಗಲು ಹಿಡಿದು ಅಂಗಳದ ಬೇವಿನ ಮರದ ಬುಡಕ್ಕೆ ಹೋಗಿ ಕುಳಿತ.

ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ. ಜಾಲಿ ತೊಗಟೆಯ ನೀರಿನಲ್ಲಿ ಹದ ಮಾಡಿದ. ಹಸಿ ತೊಗಲನ್ನು ಕೊರಡಿಗೆ ಸುತ್ತಿ, ದಬ್ಬಣದಿಂದ ಹೊಲಿದು, ಕೊರಡು ಎಳೆದು ಒಳಗೆ ಉಸುಕು ತುಂಬಿದ. ಇನ್ನು ಅದು ಗಾಳಿಯಾಡದ ಕೋಣೆಯಲ್ಲಿ ನಿಧಾನವಾಗಿ ಒಣಗಬೇಕು. ಅದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕೋಣೆ ಹತ್ತು ಹೆಜ್ಜೆಯಾಚೆ ಇತ್ತು. ಆದರೆ ನಡುವೆ ಹೊಸ್ತಿಲಿತ್ತು. ಗಾಳಿಗೆ ಒಂದು ಮಗ್ಗುಲು ಬೇಗ ಒಣಗಿ ಎಳೆಯಿತು, ಬಾಯಿ ಸೊಟ್ಟಾಯಿತು. ನೀವು ಹೊಗಳಿದ ಬಹಮನಿ ಕಾಲ ಇದೇ.

ಪ್ರಣಾಲಿ ಅದನ್ನು ಬೆನ್ನಿಗೆ ಹಾಕಿಕೊಂಡು ಕುಣಿದಳು. "ಮುತ್ಯಾ, ಒಳಗ ನಡಿ, ಕನ್ನಡ್ಯಾಗ ನೋಡೋಣು" ಎಂದಳು. ಅಪ್ಪ ಅವ್ವನ ಕಡೆ ನೋಡಿದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಪಂದ್ಯಗಳಲ್ಲಿ ನೀವು ಅದನ್ನು ಕಂಡದ್ದು ಅವಳ ಬೆನ್ನ ಮೇಲೆಯೇ. ಆದರೆ ಅಂದಿನಿಂದ ಮಗಳು ರಜೆಗೆ ಬಂದಾಗಲೆಲ್ಲ ಬತ್ತಳಿಕೆ ಬೇವಿನ ಕೊಂಬೆಯಲ್ಲೇ ತೂಗಿತು. ಅಪ್ಪ ಹಾಸಿಗೆ ಹಿಡಿದಾಗ ಅವಳು ಅದನ್ನು ಅಲ್ಲೇ ಬಿಟ್ಟು ಹೋದಳು. ಅವನು ಕಿಟಕಿಯಿಂದ ಅದನ್ನೇ ನೋಡುತ್ತ ಮಲಗಿರುತ್ತಿದ್ದ. ಹಾಗೆಯೇ ಹೋದ.

ಅವನನ್ನು ಮಣ್ಣು ಮಾಡಿ ಬಂದ ಸಂಜೆ ಅವ್ವ ಒಬ್ಬಳೇ ಅಂಗಳಕ್ಕೆ ಹೋದಳು. ಕೊಂಬೆಯಿಂದ ಬತ್ತಳಿಕೆ ಇಳಿಸಿ, ಸೆರಗಿನಿಂದ ಒರೆಸಿ, ಎದೆಗೆ ಒತ್ತಿಕೊಂಡು ಹೊಸ್ತಿಲ ಹತ್ತಿರ ಬಂದು ನಿಂತಳು. ನಮ್ಮ ಯಾರ ಮುಖವನ್ನೂ ನೋಡಲಿಲ್ಲ.

"ಹೊರಗ ಥಂಡಿ ಭಾಳ ಅದರಿ," ಎಂದಳು. "ಒಳಗ ಬರ್ರಿ."

ಸಭಿಕರೇ, ಕ್ಷಮಿಸಿ, ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಈ ಬತ್ತಳಿಕೆಯನ್ನು ನಿಮ್ಮ ಸಭಾಂಗಣದ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ ಎಂದು ಅಧ್ಯಕ್ಷರು ಆಗಲೇ ಸಾರಿದ್ದಾರೆ. ನಿಮ್ಮ ಪ್ರೀತಿ ದೊಡ್ಡದು. ಆದರೆ ಕುಲಕಸುಬು ನಮ್ಮ ಮನೆಯಲ್ಲಿ ಮುಂದುವರಿಯುವುದಿಲ್ಲ, ಅಪ್ಪ ಅದನ್ನು ಬಿಟ್ಟೇ ನಮ್ಮನ್ನು ಬೆಳೆಸಿದ. ಬತ್ತಳಿಕೆಯೂ ಇಲ್ಲಿ ಉಳಿಯುವುದಿಲ್ಲ. ಶಾಲು ಬೇಕಾದರೆ ಇಟ್ಟುಕೊಳ್ಳಿ.

ಸಂಜೆಯ ಬಸ್ಸಿಗೆ ಇದನ್ನು ಔರಾದಕ್ಕೆ ಒಯ್ಯುತ್ತೇನೆ. ಅವ್ವ ಬಾಗಿಲು ತೆರೆದಿಟ್ಟು ಕುಳಿತಿರುತ್ತಾಳೆ. ಅಪ್ಪನನ್ನು ಮತ್ತೆ ಹೊರಗೆ ಬಿಟ್ಟು ಬಂದೆ ಎಂದು ಅವಳಿಗೆ ಹ್ಯಾಗೆ ಹೇಳಲಿ?

ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.