ಸುಮ್ಮನೆ ನೋಡಲು ಬಂದವರು

…ಅಯ್ಯೋ, ಕೂತ್ಕೊಳ್ಳೇ ಪಿಯೆದಾದ್, ಯಾರೂ ಏನೂ ಅನ್ನಲ್ಲ! ಈ ಗುಟ್ಟು ನಂಗೆ ಮೊದಲು ಹೇಳಿಕೊಟ್ಟಿದ್ದು ಸೆಬಾಸ್ತಿಯಾನಾ ಬಾಯಿ. ನಮ್ಮ ಮನೆ ಮಾಲೀಕ ಆಗ್ನೆಲೊ ಇದ್ದಾನಲ್ಲ, ಅವನ ಹೆಂಡತಿ. ನಾವು ಗೋವಾದಿಂದ ಬಂದಿಳಿದ ಮೊದಲನೇ ವಾರ. "ಎರ್ಮೆಲಿಂದಾ, ಇಂಗ್ಲೆಂಡಲ್ಲಿ ಬದುಕೋಕೆ ಒಂದೇ ಮಂತ್ರ ಸಾಕು. ಅಂಗಡಿಯೋರು ಬಂದು ಏನು ಬೇಕು ಅಂದ್ರೆ, ಸುಮ್ನೆ ನೋಡ್ತಿದ್ದೀವಿ ಅಂದ್ಬಿಡು. ಬೆಳಗ್ಗೆಯಿಂದ ಸಂಜೆ ತನಕ ನೋಡ್ತಾ ಕೂತ್ರೂ ಎಬ್ಬಿಸಲ್ಲ" ಅಂತ. ಎಷ್ಟು ಸಭ್ಯರು ನೋಡು ಇಲ್ಲಿ ಜನ! ನಮ್ಮ ಮಡಗಾಂವ್ ಪೇಟೆಯಲ್ಲಾದ್ರೆ ಎರಡನೇ ಸಲ ಸೀರೆ ಮುಟ್ಟಿದ್ರೆ ಸಾಕು, ತಗೊಳ್ತೀಯೋ ಇಲ್ಲ ಹೊರಡ್ತೀಯೋ ಅಂತಿದ್ರು.

ಹೌದೇ, ಮಾರೋ ಮಂಚನೇ. ಅದಕ್ಕೇನೀಗ? ಮಂಚ ಇರೋದು ಕೂರೋಕಲ್ದೆ ಇನ್ಯಾತಕ್ಕೆ! ಬೂಟು ಬಿಚ್ಚು, ಕಾಲು ಚಾಚು. ವಿಮಾನದಲ್ಲಿ ಮಡಚಿಟ್ಟ ಕಾಲು, ಆಮೇಲೆ ಬಸ್ಸಲ್ಲಿ ಮಡಚಿಟ್ಟ ಕಾಲು… ನೋಡು ಹೇಗೆ ಊದಿದೆ. ಸೂಟ್‌ಕೇಸ್ ಬಗ್ಗೆ ಯೋಚನೆ ಬಿಡು. ನಿನ್ನ ಭಾವ ಕಾಯ್ತಾನ್ ಕೆಳಗೆ ಕಾಯ್ತಿದ್ದಾರೆ. ಹೆಸರಿಗೆ ತಕ್ಕ ಹಾಗೆ! ಲಿಯಾನಾನೂ ಜೊತೆಗಿದ್ದಾಳೆ, ಚಿಕ್ಕಮ್ಮನ ಸೂಟ್‌ಕೇಸ್ ಮೇಲೆ ಕೂತು ಐಸ್‌ಕ್ರೀಮ್ ತಿಂತಾ.

ಮನೆಗೆ? ಹೋಗೋಣ ಮಾರಾಯ್ತಿ, ಮನೆ ಎಲ್ಲಿಗೆ ಓಡಿ ಹೋಗುತ್ತೆ! ಬೆಳಗ್ಗೆ ಬಸ್ ಇಳಿದಾಗಿಂದ ಮನೆ, ಮನೆ, ಮನೆ… ಕತ್ತಲಾಗ್ಲಿ. ಇವತ್ತು ಶನಿವಾರ ಅಲ್ವಾ? ಶನಿವಾರ ಭಾನುವಾರ ನಾವು ಮನೇಲಿ ಇರೋದೇ ಇಲ್ಲ. ನಿಂಗೆ ಗೊತ್ತಿದೆಯಲ್ಲ, ಫೋಟೋ ಎಲ್ಲ ನೋಡಿದ್ದೀಯಲ್ಲ. ಪಿಕ್ನಿಕ್! ಊರಲ್ಲಿ ಮೇ ತಿಂಗಳಲ್ಲಿ ಒಂದೇ ಒಂದು ಪಿಕ್ನಿಕ್ಕಿಗೆ ವರ್ಷವಿಡೀ ಬಾಯಿ ಬಿಟ್ಕೊಂಡು ಕಾಯ್ತಿದ್ವಿ. ಇಲ್ಲಿ ವಾರಕ್ಕೆರಡು. ಗವರ್ನರ್ ಹೆಂಡತಿಗೂ ಇಲ್ಲ ಈ ಭಾಗ್ಯ.

ಯಾಕೆ ನಗ್ತೀಯ? ನಿಜವಾಗ್ಲೂ. ಮಳೆ ಬರಲಿ, ಹಿಮ ಬೀಳಲಿ, ಪಿಕ್ನಿಕ್ ತಪ್ಪಲ್ಲ. ಲಿಯಾನಾಗೆ ಜ್ವರ ಬಂದಾಗಲೂ ತಪ್ಪಲಿಲ್ಲ… ಅದಿರಲಿ.

ಯಾವ ಫೋಟೋ? ಕೋಟೆದಾ? ಓ, ಅದು! ಒಳಗೆ ಹೋಗ್ಲಿಲ್ಲ ಕಣೇ. ಹೊರಗೆ ಹುಲ್ಲಲ್ಲಿ ಕೂತು ಬ್ರೆಡ್ಡು ಆಮ್ಲೆಟ್ ತಿಂದು ಬಂದ್ವಿ. ಒಳಗೆ ರಾಜ ಅಂತೂ ಇಲ್ಲ, ಅವನು ಸತ್ತು ಯಾವ ಕಾಲ ಆಯ್ತೋ. ಆಮೇಲೆ ಕೆರೆ. ಅಲ್ಲಿನ ಬಾತುಕೋಳಿಗಳಿಗೆಲ್ಲ ಲಿಯಾನಾ ನಾಮಕರಣ ಮಾಡಿಬಿಟ್ಟಿದ್ದಾಳೆ. ಒಂದಕ್ಕೆ ನಿನ್ನ ಹೆಸರು! ಕೋಪ ಮಾಡ್ಕೋಬೇಡ, ಒಳ್ಳೇ ಬಾತುಕೋಳಿ, ಸ್ವಲ್ಪ ಜಗಳಗಂಟಿ ಅಷ್ಟೇ. ಚಳಿಗಾಲಕ್ಕೆ ಲೈಬ್ರರಿ ಇದೆ, ಬೆಚ್ಚಗಿರುತ್ತೆ. ನಿನ್ನ ಭಾವ ತಮ್ಮ ಜನ್ಮದಲ್ಲಿ ಪುಸ್ತಕ ಮುಟ್ಟಿದವರಲ್ಲ, ಈಗ ತೋಟಗಾರಿಕೆ ಮೇಲೆ ಇರೋ ಪುಸ್ತಕ ಎಲ್ಲ ಓದಿ ಮುಗಿಸಿದ್ದಾರೆ. ಒಂದು ಹೂವಿನ ಕುಂಡ ಇಡೋಕೆ ಜಾಗ ಇಲ್ಲ, ಗುಲಾಬಿ ಕಸಿ ಮಾಡೋದು ಹೇಗೆ ಅಂತ ರಾತ್ರಿಯೆಲ್ಲ ನಂಗೆ ಪಾಠ!

ಭಾನುವಾರ ಮಳೆ ಬಂದ್ರೆ ಇಗರ್ಜಿ. ಬೆಳಗ್ಗೆ ಇಂಗ್ಲಿಷ್ ಪೂಜೆ. ಅದಾದ್ಮೇಲೆ ಪೋಲೆಂಡಿನವರದ್ದು. ಮಧ್ಯಾಹ್ನ ನಮ್ಮ ಕೊಂಕಣಿದು. ಮೂರಕ್ಕೂ ನಾವು ಹಾಜರ್! ಲಿಯಾನಾಗೆ ಪೋಲಿಷ್ ಭಾಷೇಲಿ ಪರಲೋಕಮಂತ್ರ ಬಾಯಿಪಾಠ ಆಗಿದೆ. ಪಾದ್ರಿ ಒಂದಿನ ನನ್ನ ಕೈ ಹಿಡ್ಕೊಂಡು, ನಿಮ್ಮಂಥ ದೈವಭಕ್ತ ಕುಟುಂಬ ನಾನು ನೋಡಿಲ್ಲಮ್ಮಾ ಅಂದ್ರು, ಕಣ್ಣಲ್ಲಿ ನೀರು ತುಂಬ್ಕೊಂಡು… ನಗು, ನಗು. ನಾನೂ ಆವತ್ತು ನಕ್ಕಿದ್ದೆ. ಮನೆಗೆ ಬಂದ ಮೇಲೆ.

ಶ್… ಅಗೋ ಬಂದ್ಲು. ನಗು ಮುಖ ಮಾಡು. …ಯೆಸ್, ಯೆಸ್, ಸುಮ್ನೆ ನೋಡ್ತಿದ್ದೀವಿ. …ನೋಡಿದ್ಯಾ? ಹೋದ್ಲು. ಆಲ್‌ರೈಟಾ ಅಂತ ಕೇಳಿದ್ಲು ಅಷ್ಟೇ. ಇಲ್ಲಿ ಹಾಗೆ ಕೇಳಿದ್ರೆ ಉತ್ತರ ಹೇಳಬಾರದು ಕಣೇ. ನಿನ್ನ ಭಾವಂಗೆ ಗೊತ್ತಿರಲಿಲ್ಲ, ಪಾಪ. ಗೋದಾಮಿನ ಮೇಲ್ವಿಚಾರಕ ದಿನಾ ಆಲ್‌ರೈಟಾ ಅಂತಿದ್ನಂತೆ, ಇವರು ದಿನಾ ನಿಂತು ತಮ್ಮ ಸೊಂಟನೋವು, ಅತ್ತೆಯ, ಅಂದ್ರೆ ನಮ್ಮ ಮಾಯ್‌ದು ಸಕ್ಕರೆ ಕಾಯಿಲೆ, ಎಲ್ಲ ಬಿಡಿಸಿ ಹೇಳ್ತಿದ್ರಂತೆ. ಕೊನೆಗೆ ಅವನು ಇವರನ್ನ ಕಂಡ್ರೆ ಬೇರೆ ದಾರಿ ಹಿಡಿಯೋಕೆ ಶುರು ಮಾಡಿದ.

ಏನು ನೋಡ್ತಿದ್ದೀಯ? …ಆ ದೀಪಾನಾ? ಹೂಂ, ಚೆನ್ನಾಗಿದೆ. ಹಳದಿ ದೀಪ. ಅಂಥದ್ದು ಎಲ್ಲ ಕಡೆ ಸಿಗುತ್ತೆ. ನಮ್ಮನೇಲೂ ಅದೇ ಥರದ್ದು… ಇಲ್ಲಿಂದಲೇ ತಗೊಂಡಿದ್ದು. ಪರದೆ? ಪರದೇನೂ… ಒಂದೇ ಥಾನಿಂದ ಸಾವಿರ ಪರದೆ ಹೊಲೀತಾರೆ ಪಿಯೆದಾದ್, ಇಡೀ ದೇಶಕ್ಕೆ ಒಂದೇ ಪರದೆ. ಗೋಡೆ ಮೇಲಿನ ಹಡಗಿನ ಚಿತ್ರ… ಅದೂ ಹಾಗೇ.

ಫೋನ್ ಯಾಕೆ ತೆಗೀತೀಯ ಈಗ? ಇಡು ಒಳಗೆ. ಆ ಫೋಟೋ ಈಗ ಯಾಕೆ? …ಬಿಡೇ ಅಂದೆ.

ಚೀಲದಲ್ಲಿ ಏನು ತಡಕಾಡ್ತಿದ್ದೀಯ? ಹಸಿವಾಯ್ತಾ? ಇದು… ಇದೇನು? ಮಾಯ್ ಹೆಣೆದಿದ್ದಾ? ಕೊರಳ ಪಟ್ಟಿಯಷ್ಟು ಲೇಸ್ ಹೆಣೆದ್ರೆ ಕಣ್ಣು ಉರಿಯುತ್ತೆ ಅಂತಿದ್ಲಲ್ಲ, ಇಷ್ಟು ದೊಡ್ಡ ಹೊದಿಕೆ… ಹೂವು ನೋಡು, ಎಂಥ ಹೂವು… ಬೇಡ, ಇಲ್ಲಿ ಬಿಡಿಸಬೇಡ. ಪಿಯೆದಾದ್, ಜನ ನೋಡ್ತಾರೆ. ಬಿಡಿಸಬೇಡ ಅಂದ್ನಲ್ಲ! ಕೊಳೆಯಾಗುತ್ತೆ… ಏಳು, ಏಳು… ಅಯ್ಯೋ ದೇವರೇ.

…

ಸರಿಯಾಗಿ ಕೂತಿದೆ.

ನಾಲ್ಕು ಮೂಲೆಗೂ. ಒಂದು ಬೆರಳು ಹೆಚ್ಚಿಲ್ಲ, ಕಮ್ಮಿಯಿಲ್ಲ. ಮಾಯ್ ಕೈ ಅಂದ್ರೆ ಮಾಯ್ ಕೈ.

ಹಾಗೆ ನೋಡಬೇಡ ನನ್ನ. ಮಾಯ್ ಫೋನಲ್ಲಿ ಕೇಳಿದ್ಲು. ಮೊಮ್ಮಗಳು ಮಲಗಿರೋ ಮಂಚಕ್ಕೆ ಹೊದಿಕೆ ಹೆಣೀತೀನಿ, ಅಳತೆ ಕಳಿಸು ಅಂತ. ನಾನೇನು ಮಾಡಲಿ? ಮುಂದಿನ ಶನಿವಾರ ಬಂದು ಇದೇ ಮಂಚಕ್ಕೆ ಗೇಣು ಹಾಕಿದೆ. ಅಂಗಡಿಯವಳು ಬಂದು ಟೇಪ್ ಬೇಕಾ ಅಂದ್ಲು. ಒಳ್ಳೆಯವಳು. ನಮ್ಮ ನಿಜವಾದ ಮಂಚದ ಅಳತೆ ಕಳಿಸಿದ್ರೆ ಮಾಯ್ ಕೇಳ್ತಿದ್ಲು, ಇದು ಮಂಚವೇನೇ, ಇಗರ್ಜಿ ಬೆಂಚೇನೇ ಅಂತ.

ಆ ಫೋಟೋ ತೆಗೆದ ದಿನ ತುಂಬ ಮಳೆ. ಲಿಯಾನಾ ಸುಸ್ತಾಗಿದ್ಲು, ಇಲ್ಲೇ ಉರುಳಿದ್ಲು, ನಿದ್ದೆ ಬಂತು. ಎಷ್ಟು ಚೆನ್ನಾಗಿ ನಿದ್ದೆ ಮಾಡಿದ್ಲು ಗೊತ್ತಾ! ಬಾಯಿ ತೆರೆದು, ಕೈಕಾಲು ಚೆಲ್ಲಿ. ಈ ದೇಶಕ್ಕೆ ಬಂದ ಮೇಲೆ ಅವಳು ಕೈಕಾಲು ಚೆಲ್ಲಿ ಮಲಗಿದ್ದು ನಾನು ನೋಡಿರಲಿಲ್ಲ. ಫೋಟೋ ತೆಗೆದೆ. 'ಲಿಯಾನಾ ಮಲಗಿದ್ದಾಳೆ' ಅಂತ ಬರೆದು ಕಳಿಸಿದೆ. ಅಷ್ಟೇ ಬರೆದಿದ್ದು! ಮನೆ ಅಂತ ನಾನು ಬರೀಲಿಲ್ಲ. ನೀವೇ ಅಂದ್ಕೊಂಡ್ರಿ. ಮಾಯ್ ಬಾಗಿಲು ಬಾಗಿಲಿಗೂ ಹೋಗಿ ತೋರಿಸಿದ್ಲಂತೆ… ನಾನು ಅಲ್ಲ ಅನ್ನಲಿಲ್ಲ. ಅದು ನಿಜ. ಅನ್ನಲಿಲ್ಲ.

ಮನೆ ಇದೆ ಕಣೇ! ಬೀದಿಪಾಲಾಗಿಲ್ಲ ನಾವು. ಆಗ್ನೆಲೊ ಮನೆ, ಮುಂದಿನ ಕೋಣೆ. ಸೋಮವಾರದಿಂದ ಶುಕ್ರವಾರ ರಾತ್ರಿ ತನಕ ಅದು ನಮ್ಮದು, ಸಂಪೂರ್ಣ ನಮ್ಮದು. ಶನಿವಾರ ಭಾನುವಾರ ಹಗಲು ಹೊತ್ತು ಮಾತ್ರ… ಬೊಸ್ಕೊದು. ಬೊಸ್ಕೊ ಅಂತ ಒಬ್ಬ, ಕುಂಕಳ್ಳಿ ಕಡೆಯವನು, ವಾರದ ದಿನ ಬೇರೆ ಕಡೆ ಇರ್ತಾನೆ. ಶುಕ್ರವಾರ, ಶನಿವಾರ, ಭಾನುವಾರ ರಾತ್ರಿಪಾಳಿ ಅವನಿಗೆ. ಬೆಳಗ್ಗೆ ಬಂದು ನಮ್ಮ ಮಂಚದ ಮೇಲೆ ಮಲಗ್ತಾನೆ. ಅವನು ಮಲಗೋಕೆ ಬರ್ತಾನೆ, ನಾವು ಪಿಕ್ನಿಕ್ಕಿಗೆ ಹೊರಡ್ತೀವಿ. ಕತ್ತಲಾದ ಮೇಲೆ ಅವನು ಕೆಲಸಕ್ಕೆ ಹೊರಡ್ತಾನೆ, ನಾವು ಮನೆಗೆ. ಈಗ, ನೀನು ಇಲ್ಲಿ ಕೂತಿರೋ ಹೊತ್ತಿಗೆ, ಅವನು ಅಲ್ಲಿ ಗೊರಕೆ ಹೊಡೀತಿದ್ದಾನೆ. ನಾವು ಹೋಗೋ ಹೊತ್ತಿಗೆ ಹಾಸಿಗೆ ಇನ್ನೂ ಬೆಚ್ಚಗಿರುತ್ತೆ. ಲಿಯಾನಾ ಕೇಳ್ತಾಳೆ, ಮಮ್ಮಾ, ನಮ್ಮ ಹಾಸಿಗೆಗೆ ಜ್ವರ ಬಂದಿದ್ಯಾ ಅಂತ.

ಹೂಂ. ಅದೇ ಪಿಕ್ನಿಕ್. ಆ ಹೆಸರಿಟ್ಟಿದ್ದು ನಾನೇ. ಮಗುವಿಗೆ ಏನಾದ್ರೂ ಒಂದು ಹೆಸರು ಹೇಳಬೇಕಿತ್ತಲ್ಲ! ಮಗುವಿಗೆ ಹೇಳಿದ್ದು ಮಾಯ್‌ಗೆ ಹೋಯ್ತು, ಮಾಯ್ ಕಡೆಯಿಂದ ನಿಂಗೆ ಬಂತು… ನೀನು ಕಾನ್ವೆಂಟಿನ ಸಿಸ್ಟರ್ ಮುಂದೆ ನಿಂತು ಶಾಲೆ ಕೆಲಸ ಬಿಟ್ಟೆ.

ಬೈಯಿ ನನ್ನ. ಬೈಯೇ! ಚಿಕ್ಕೋಳಾಗಿದ್ದಾಗ ನಿನ್ನ ಗೊಂಬೆ ಬಾವಿಗೆ ಹಾಕಿದ್ದಕ್ಕೆ ಕೂದಲು ಹಿಡಿದು ಎಳೆದಿದ್ದೆಯಲ್ಲ. ಈಗ ಎಳಿ.

…ಏನು ಕೇಳ್ಬೇಕು ಅಂತಿದ್ದೀಯ ನಂಗೊತ್ತು. ಇಷ್ಟೆಲ್ಲ ಗೊತ್ತಿದ್ದೂ ನನ್ನ ಯಾಕೆ ಕರೆಸಿಕೊಂಡೆ ಅಂತ ತಾನೇ? ನೀನೇ ಅಲ್ವಾ ಬರ್ತೀನಿ ಬರ್ತೀನಿ ಅಂತಿದ್ದೆ! ವರ್ಷದಿಂದ ಕೇಳ್ತಿದ್ದೆ, ನಾನೇ ಬೇಡ ಬೇಡ ಅಂತಿದ್ದೆ. ಹೌದು… ಈಸ್ಟರ್ ಆದ್ಮೇಲೆ ಬಾ ಅಂದೆ. ಒಂದೇ ಸಲಕ್ಕೆ. ಕೋಣೆ ತಯಾರಿದೆ, ಕೆಲಸ ತಯಾರಿದೆ, ಬೇಗ ಬಾ ಅಂತ.

ಪಿಯೆದಾದ್, ಬೊಸ್ಕೊ ಹೋಗ್ತಿದ್ದಾನೆ. ಮುಂದಿನ ವಾರ. ಲೆಸ್ಟರ್‌ನಲ್ಲಿರೋ ತಮ್ಮನ ಹತ್ರ. ಆಗ್ನೆಲೊ ಹೇಳಿದ, ವಾರಾಂತ್ಯಕ್ಕೆ ಇನ್ನೊಬ್ಬರನ್ನ ನೀವೇ ತನ್ನಿ, ಇಲ್ಲಾಂದ್ರೆ ಕೋಣೆ ಬಿಡಿ, ದಮನ್‌ನ ಆರು ಜನ ಗಂಡಸರು ಕಾಯ್ತಿದ್ದಾರೆ ಅಂತ. ಕೋಣೆ ಬಿಟ್ಟು ಎಲ್ಲಿಗೆ ಹೋಗೋದು? ಲಿಯಾನಾ ಶಾಲೆ… ಯಾರೋ ಪರಕೀಯ ಗಂಡಸಿನ ಬೆವರಿನ ಮೇಲೆ ಮಗೂನ ಮಲಗಿಸಿದ್ದು ಸಾಕು ಅನ್ನಿಸ್ತು. ನಮ್ಮವರೇ ಒಬ್ಬರು ಮಲಗಿದ್ರೆ… ಹಾಸಿಗೆ ಮನೆಯೊಳಗೇ ಉಳಿಯುತ್ತಲ್ಲ ಅಂತ.

ಅದೇ ಗೋದಾಮು. ಬೊಸ್ಕೊದೇ ಪಾಳಿ. ನಿನ್ನ ಭಾವ ಮಾತಾಡಿದ್ದಾರೆ. ಕಷ್ಟದ ಕೆಲಸ ಅಲ್ಲ, ನಿಂತೇ ಇರಬೇಕು ಅಷ್ಟೇ. ವಾರದ ದಿನ ನಮ್ಮ ಜೊತೆಗೇ ಇರ್ತೀಯ, ಲಿಯಾನಾ ಪಕ್ಕ ನೆಲದ ಮೇಲೆ ಹಾಸಿಗೆ ಹಾಕ್ತೀನಿ. ಶನಿವಾರ ಭಾನುವಾರ ಬೆಳಗ್ಗೆ ಕೆಲಸದಿಂದ ಬಂದು ಮಲಗಿಬಿಡು. ನಿನ್ನ ನಿದ್ದೆ ಕೆಡಿಸೋರು ಯಾರೂ ಇರಲ್ಲ, ನಾವು ಹೊರಗಿರ್ತೀವಿ. ನೀನು… ಪಿಕ್ನಿಕ್ಕಿಗೆ ಮಾತ್ರ ಬರೋಕಾಗಲ್ಲ.

ಗೊತ್ತು. ಟೋಪಿ ತಂದಿದ್ದೀಯ. ಸೂಟ್‌ಕೇಸ್ ಮೇಲೇ ಇಟ್ಟಿದ್ದೀಯ, ಬೆಳಗ್ಗೆ ನೋಡಿದೆ. ಹಸಿರು ಪಟ್ಟಿಯದ್ದು.

ವಾಪಸ್ ಹೋಗ್ತೀನಿ ಅನ್ನಬೇಡ. ಹೇಳ್ತೀನಿ ಕೇಳು. ಈಗ ನಾವು ಪೋರ್ತುಗಲ್‌ನವರು. ಪೋರ್ತುಗಲ್ ಯಾವ ದಿಕ್ಕಿಗಿದೆ ಅಂತ ನಮಗೆ ಗೊತ್ತಿಲ್ಲ, ಅದು ಬೇರೆ ಮಾತು. ಪೋರ್ತುಗೀಸರ ಕಾಲದಲ್ಲಿ ಅಜ್ಜ ಹುಟ್ಟಿದ ಕಾಗದ ತೋರಿಸಿ ಆ ಪಾಸ್‌ಪೋರ್ಟ್ ತಗೊಂಡ್ವಿ, ನಮ್ಮದನ್ನ ಕೊಟ್ಟುಬಿಟ್ವಿ. ಇನ್ನು ನಮ್ಮ ಮನೆ ಅಂಗಳಕ್ಕೆ ಹೋಗೋಕೂ ವೀಸಾ ಕೇಳ್ಬೇಕು ನಾವು. ಅಲ್ಲೂ ಸುಮ್ನೆ ನೋಡೋಕೆ ಬಂದವರೇ.

ಮಡಚಬೇಡ. ಇನ್ನೊಂದು ಸ್ವಲ್ಪ ಹೊತ್ತು ಇರಲಿ ಆ ಹೊದಿಕೆ. ಎಂಥ ಹೂವು ನೋಡು…

ಯಾರದು, ನಿನ್ನ ಫೋನಾ? …ಮಾಯ್. ಸಂಜೆ ತೇರ್ಸ್ ಪ್ರಾರ್ಥನೆ ಹೇಳಿ, ಊಟ ಮುಗಿಸಿ ಕೂತಿರ್ತಾಳೆ. ವಿಡಿಯೋ ಬೇರೆ. ಅಕ್ಕಪಕ್ಕದವರೆಲ್ಲ ಕೂತಿರ್ತಾರೆ, ಪಿಯೆದಾದ್ ಕೋಣೆ ನೋಡೋಕೆ.

ನನ್ನ ಕೈಗೆ ಕೊಡಬೇಡ. ಬೇಡ ಪಿಯೆದಾದ್, ನನ್ನ ಕೈಗೆ ಬೇಡ! ನಾನು ಎತ್ತಿದ್ರೆ ಏನಾಗುತ್ತೆ ನಂಗೊತ್ತು. ನೋಡು ಮಾಯ್, ನಿನ್ನ ಹೊದಿಕೆ ಎಷ್ಟು ಚೆನ್ನಾಗಿ ಕೂತಿದೆ ಅಂತ ತೋರಿಸಿಬಿಡ್ತೀನಿ. ಬಾಯಿ ತಾನಾಗಿ ಹೇಳಿಬಿಡುತ್ತೆ, ನನ್ನನ್ನ ಕೇಳೋದೇ ಇಲ್ಲ ಅದು ಈಗ.

ನೀನು ಬಂದು ಇನ್ನೂ ಒಂದು ದಿನ ಆಗಿಲ್ಲ. ನಿನ್ನ ಬಾಯಿಗೆ ಇನ್ನೂ ಅಭ್ಯಾಸ ಆಗಿಲ್ಲ.

ಎತ್ತು. ನೀನೇ ಹೇಳು ಅವಳಿಗೆ.