ಬಿಡುಗಡೆಯ ರಸೀದಿ

"ಹಳೇ ಬಟ್ಟೆ ಸಾಲಲ್ಲ ಕಣೆ, ಆ ಖಾಕಿ ತುಂಡುಗಳನ್ನೂ ತುರುಕು."

ಇಸ್ತ್ರಿ ಅಕ್ಕ ಹೇಳುವ ಮೊದಲೇ ಕಾಜಾದವಳು ಮಂಡಿಯೂರಿ ಬಾಗಿಲ ಸಂದಿಗೆ ತುಂಡುಗಳನ್ನು ತುರುಕುತ್ತಿದ್ದಳು. ಆದರೂ ನೀರು ಒಳಗೆ ಬಂತು. ಮಳೆ ಹಿಡಿದು ಎರಡು ಗಂಟೆಯಾಗಿತ್ತು, ಬೀದಿ ಹಳ್ಳವಾಗಿತ್ತು, ಕರೆಂಟು ಹೋಗಿತ್ತು. ಸಮವಸ್ತ್ರ ಹೊಲಿಯುವ ಆ ಉದ್ದನೆಯ ಕೋಣೆಯಲ್ಲಿ ಉಳಿದಿದ್ದವರು ನಾಲ್ಕೇ ಜನ: ಕಟಿಂಗ್ ಮಾಸ್ತರು, ಇಸ್ತ್ರಿ ಅಕ್ಕ, ಕಾಜಾ ತೆಗೆದು ಗುಂಡಿ ಹಾಕುವ ಇವಳು, ಮತ್ತೆ ರಿಬ್ಬನ್ ಅಜ್ಜಿ. ಇವಳು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತಷ್ಟೆ. ಬಂದ ದಿನದಿಂದ ಅಜ್ಜಿ ತನ್ನ ಕೈಯನ್ನೇ ಯಾಕೆ ಅಷ್ಟು ನೋಡುತ್ತಾಳೆ ಎನ್ನುವುದು ಇವಳಿಗೆ ತಿಳಿದಿರಲಿಲ್ಲ.

ಎಲ್ಲರೂ ಮೇಜು ಹತ್ತಿ ಕಾಲು ಮಡಚಿಕೊಂಡು ಕೂತರು. ಮಾಸ್ತರು ಮೊಂಬತ್ತಿ ಹಚ್ಚಿದರು.

"ನಮ್ಮ ಸರ್ಕಾರದವರೂ ಇನ್ನುಮೇಲೆ ಪದಕ ಕೊಡ್ತಾರಂತೆ," ಎಂದರು. "ರಿಬ್ಬನ್ ಹೊಲಿಯೋ ಆರ್ಡರ್ ನಮಗೇ ಬಂದಿದೆ. ಅಜ್ಜಿ, ನೀವು ಅರಮನೇಲಿ ಇದೇ ಕೆಲಸ ಮಾಡಿದೋರಲ್ವಾ? ನಿಮ್ಮ ರಾಜರು ಅಷ್ಟೊಂದು ಹಂಚಿದ್ರಲ್ಲ, ಒಂದಾದ್ರೂ ಉಳಿದಿದ್ಯಾ, ಎಲ್ಲ ಪಾತ್ರೆ ಅಂಗಡಿಗೆ ಹೋಯ್ತಾ?"

ಇಸ್ತ್ರಿ ಅಕ್ಕ ಕಿಸಕ್ಕೆಂದಳು. ಅಜ್ಜಿ ನಗಲಿಲ್ಲ. ಸೆರಗು ಹೊದ್ದುಕೊಂಡಳು.

"ಹಂಚಿದ್ರು ಅಂತೀಯಲ್ಲ ಮಾಸ್ತರ... ಯಾರು ಹೇಳಿದ್ದು ನಿನಗೆ? ರಾಜರು ಪದಕ ಯಾರಿಗೂ ಕೊಟ್ಟಿದ್ದೇ ಅಲ್ಲ. ಇಟ್ಕೊಳ್ಳೋಕೆ ಕೊಟ್ಟಿದ್ದು, ಉಸಿರಿರೋ ತನಕ. ಸತ್ತರೆ ಮನೆಯವರು ತಿಂಗಳೊಳಗೆ ತಂದು ಒಪ್ಪಿಸಬೇಕು. ಅದಕ್ಕೆ ಅಂತಲೇ ಕುದುರೆ ಲಾಯದ ಹಿಂದೆ ಎರಡು ಕೋಣೆ ಇತ್ತು. ಮೊದಲನೇ ಕೋಣೇಲಿ ನಾವು ಹೆಂಗಸರು ರಿಬ್ಬನ್ ಹೊಲಿಯೋದು, ಎರಡನೇದರಲ್ಲಿ ಗುಮಾಸ್ತರು ವಾಪಸ್ ಬಂದಿದ್ದನ್ನ ತಗೊಳ್ಳೋದು. ನಾವು ಹೊಲಿದ ರಿಬ್ಬನ್ನನ್ನ ಅವರು ಕತ್ತರಿಸೋರು, ಸತ್ತವರ ಹೆಸರಲ್ಲಿ ರಸೀದಿ ಬರೆಯೋರು. 'ಸೇವೆಯಿಂದ ಬಿಡುಗಡೆ', ಅಷ್ಟೇ ಒಕ್ಕಣೆ. ಯಾಕೆ ಗೊತ್ತಾ? ಪದಕ ತಗೊಳ್ಳೋವಾಗ ಪ್ರಮಾಣ ಮಾಡಬೇಕಿತ್ತು, ಇದು ಹಿಂದಿರುಗೋವರೆಗೆ ನಾನು ಸೇವೆಯಲ್ಲಿರ್ತೀನಿ ಅಂತ. ಬಾಯಿಮಾತು ಅಂದ್ಕೊಂಡಿದ್ವಿ ಎಲ್ಲರೂ... ಬಾಯಿಮಾತಾಗಿರಲಿಲ್ಲ ಅದು.

"ಆಮೇಲೆ ರಾಜರು ಹೋದರು. ನೀವ್ಯಾರೂ ಹುಟ್ಟಿರಲಿಲ್ಲ. ಬೆಳಿಗ್ಗೆ ಎದ್ದರೆ ಅರಮನೆ ಮೇಲೆ ಬೇರೆ ಬಾವುಟ. ಪದಕ ಹಾಕ್ಕೊಂಡು ಬೀದಿಗೆ ಬಂದರೆ ಹಿಡಿದು ಒಳಗೆ ಹಾಕ್ತಾರೆ ಅಂತಾಯ್ತು, ಜನ ಹಿಟ್ಟಿನ ಡಬ್ಬೀಲಿ ಬಚ್ಚಿಟ್ಟರು, ಬಾವಿಗೆ ಹಾಕಿದರು, ಕರಗಿಸಿ ಮಕ್ಕಳಿಗೆ ಬಳೆ ಮಾಡಿಸಿದರು. ಗುಮಾಸ್ತರು ಊರು ಬಿಟ್ಟರು. ಹೋಗೋವಾಗ ರಸೀದಿ ಪುಸ್ತಕ, ಮೊಹರು ಎರಡನ್ನೂ ನನ್ನ ಕೈಗೆ ಕೊಟ್ಟು, ಹೊಸ ಕಚೇರಿಗೆ ಒಪ್ಪಿಸಿಬಿಡಮ್ಮ ಅಂದರು. ಒಪ್ಪಿಸೋಣ ಅಂತ ಏಳು ಕಚೇರಿ ಅಲೆದೆ. ಎಲ್ಲ ಕಡೆ ಒಂದೇ ಮಾತು, ಇದು ನಮ್ಮದಲ್ಲ. ಮನೆಗೆ ತಗೊಂಡು ಬಂದೆ. ಏನು ಮಾಡಲಿ, ಬೀದಿಗೆ ಎಸೀಲಾ?

"ಒಂದು ಮಧ್ಯಾಹ್ನ... ಹೀಗೇ ಮಳೆ. ಅರಮನೆ ಬ್ಯಾಂಡಿನ ಕಹಳೆಯವರು ನಮ್ಮ ಸೂರಿನ ಕೆಳಗೆ ಬಂದು ನಿಂತಿದ್ದರು. ಕರವಸ್ತ್ರದಲ್ಲಿ ಪದಕ ಸುತ್ಕೊಂಡಿದ್ದರು. 'ಮನೆಯವರು ಮಾರಿಬಿಟ್ಟಿದ್ದರಮ್ಮ, ನಾನೇ ಹುಡುಕಿ ತಂದೆ, ರಸೀದಿ ಕೊಡು,' ಅಂದರು. ಕಚೇರಿ ಮುಚ್ಚಿ ಹೋಯ್ತು ಯಜಮಾನರೇ ಅಂದೆ. ಅವರು ಹೋಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, 'ನಿಂತು ನಿಂತು ಕಾಲು ನೋಯ್ತಿದೆ,' ಅಂದರು. ಅಷ್ಟೇ. ಮುದುಕರು, ಸಮಾಧಾನಕ್ಕೆ ಒಂದು ಚೀಟಿ ಕೇಳ್ತಾರೆ, ನನ್ನ ಗಂಟೇನು ಹೋಗುತ್ತೆ ಅಂದ್ಕೊಂಡು ರಿಬ್ಬನ್ ಕತ್ತರಿಸಿದೆ, ರಸೀದಿ ಬರೆದೆ, ಕೆಳಗೆ ನನ್ನ ಸಹಿ ಹಾಕಿದೆ. ಅವರು ಓದಿ, ಮಡಚಿ, ಜೇಬಿಗಿಟ್ಕೊಂಡರು. ಆಮೇಲೆ ಸೂರಿನ ಕೆಳಗೆ ಯಾರೂ ಇಲ್ಲ. ನನ್ನ ಅಂಗೈಲಿ ಪದಕವೂ ಇಲ್ಲ, ಬರೀ ತಣ್ಣಗೆ... ಮಂಜುಗಡ್ಡೆ ಹಿಡಿದ ಹಾಗೆ. ಮಾರನೇ ದಿನ ಅವರ ಮನೆಗೆ ಹೋದೆ. ತೀರ್ಕೊಂಡು ಎಂಟು ತಿಂಗಳಾಗಿತ್ತು."

ಮೊಂಬತ್ತಿಯ ಬತ್ತಿ ಚಟಪಟ ಎಂದಿತು. ಕಾಜಾದವಳು ತನಗೇ ಅರಿವಿಲ್ಲದೆ ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಳು.

"ಮರುದಿನ ಇಬ್ಬರು ನಿಂತಿದ್ದರು," ಅಜ್ಜಿ ಮುಂದುವರಿಸಿದಳು. "ಅದರ ಮರುದಿನ ಐದು ಜನ. ಒಂದು ಕಡೆ ತಗೊಳ್ತಾರಂತೆ ಅಂತ ಅವರವರಲ್ಲಿ ಸುದ್ದಿ ಹೋಗಿತ್ತೋ ಏನೋ. ನಾನು ಬರೀ ರಿಬ್ಬನ್ ಹೊಲಿಯೋಳು ಕಣ್ರಪ್ಪ ಅಂದೆ, ಅತ್ತೆ, ಕೈಮುಗಿದೆ. ಅವರೇನು ಬೈತಾರಾ, ಹೆದರಿಸ್ತಾರಾ? ಏನೂ ಇಲ್ಲ. ನಿಂತಿರ್ತಾರೆ. ಮನೆ ಬದಲಾಯಿಸಿದೆ, ಅಲ್ಲಿಗೂ ಬಂದರು. ಸಹಿ ಹಾಕಿದೋಳೇ ಕಚೇರಿ, ಕಚೇರಿ ಎಲ್ಲಿದ್ದರೆ ಅಲ್ಲಿಗೆ ಬರ್ತಾರೆ. ಐವತ್ತು ವರ್ಷ ಆಯ್ತು, ಒಂದು ಅಡುಗೆ ನೆಮ್ಮದಿಯಾಗಿ ಮಾಡಿಲ್ಲ ನಾನು. ಮಕ್ಕಳು ಬೇಡ ಅಂದೆ... ಆ ಮನೇಲಿ ಮಗು ಆಡೋದು ಹೇಗೆ?

"ಹೋಗಲಿ, ಅದನ್ನೂ ನುಂಗಿಕೊಂಡೆ. ಆದರೆ ನಮ್ಮೆಜಮಾನರು... ಅರಮನೇಲಿ ದೀಪ ಹಚ್ಚೋರು ಅವರು. ಐದನೇ ದರ್ಜೆ ಪದಕ, ಎಲ್ಲಕ್ಕಿಂತ ಚಿಕ್ಕದು, ಅದರ ರಿಬ್ಬನ್ ನಾನೇ ಹೊಲಿದಿದ್ದೆ. ತೀರ್ಕೊಂಡು ಹನ್ನೆರಡು ವರ್ಷ. ಮಣ್ಣು ಮಾಡಿ ಮನೆಗೆ ಬರ್ತೀನಿ, ಅವರೂ ಸಾಲಲ್ಲಿ ನಿಂತಿದ್ದಾರೆ. ಕೊನೇಲಿ. ಬೇರೆಯವರು ಬಂದರೆ ಜಾಗ ಬಿಟ್ಟು ಹಿಂದೆ ಸರೀತಾರೆ, ಬದುಕಿದ್ದಾಗಲೂ ಹಾಗೇ. ಓಡಿಹೋಗಿ ಅವರ ರಸೀದಿ ಬರೆದೆ. ಸಹಿ ಹಾಕಿದೆ, ಶಾಯಿ ಕಾಗದದ ಮೇಲೆ ನಿಲ್ಲಲಿಲ್ಲ. ಮತ್ತೆ ಹಾಕಿದೆ... ನಿಲ್ಲಲಿಲ್ಲ. ಆಗ ನೆನಪಾಯ್ತು ನೋಡು, ಗುಮಾಸ್ತರು ಹೇಳ್ತಿದ್ದರು, ಸ್ವಂತದವರ ರಸೀದಿಗೆ ಸ್ವಂತದವರು ಸಹಿ ಹಾಕೋ ಹಾಗಿಲ್ಲ. ಹನ್ನೆರಡು ವರ್ಷದಿಂದ ಕೈ ಚಾಚಿಕೊಂಡು ನಿಂತಿದ್ದಾರೆ. ಕೈ ಇಳಿಸಿ ಅಂದರೆ ಇಳಿಸಲ್ಲ. ಸೇವೆಯಲ್ಲಿದ್ದಾರಲ್ಲ... ರಾಜರೇ ಇಲ್ಲದ ಸೇವೆ."

"ಅಜ್ಜಿ, ಸಾಕು," ಎಂದಳು ಇಸ್ತ್ರಿ ಅಕ್ಕ. "ಮನೆಗೆ ಒಬ್ಬಳೇ ಹೋಗಬೇಕು ನಾನು."

"ಮಾಸ್ತರನ್ನ ಜೊತೆಗೆ ಕರ್ಕೊಂಡು ಹೋಗು, ಅವನು ಮಾತಾಡ್ತಾ ಇದ್ದರೆ ದೆವ್ವವೂ ಹತ್ತಿರ ಬರಲ್ಲ," ಎಂದಳು ಅಜ್ಜಿ. ಮಾಸ್ತರು ನಗಲು ನೋಡಿದರು, ಆಗಲಿಲ್ಲ. "ಆದರೆ ನಿಮ್ಮಿಬ್ಬರಿಂದಲೂ ಈ ಕೆಲಸ ಆಗಲ್ಲ. ನಿನ್ನಪ್ಪನಿಗೆ ಪದಕ ಇತ್ತು, ಮಾಸ್ತರನ ತಾತನಿಗಿತ್ತು. ಗುಮಾಸ್ತರೇ ಪುಸ್ತಕ ಕೈಗೆ ಕೊಟ್ಟಿದ್ದಕ್ಕೆ ನನ್ನದು ನಡೀತು, ಬೇರೆ ಪದಕದ ಮನೆಯವರ ಸಹಿ ನಡೆಯಲ್ಲ. ಅದೆಷ್ಟು ಜನರನ್ನ ವಿಚಾರಿಸಿದೆ..."

ಅಜ್ಜಿ ಕಾಜಾದವಳ ಕಡೆ ತಿರುಗಿದಳು. ಮಡಿಲಿನಿಂದ ಅಂಚು ಸವೆದ ಉದ್ದನೆಯ ಪುಸ್ತಕ ತೆಗೆದು ಇಬ್ಬರ ನಡುವೆ ಇಟ್ಟು, ಮೇಲೆ ಪೆನ್ನು ಇಟ್ಟಳು. ಹಾಳೆಯಲ್ಲಿ ಅಜ್ಜಿಯ ಗಂಡನ ಹೆಸರು ಆಗಲೇ ಬರೆದಿತ್ತು.

"ನಿಮ್ಮನೆಗೆ ಅರಮನೆ ನೆರಳೂ ಬಿದ್ದಿಲ್ಲ, ಕೇಳಿ ತಿಳ್ಕೊಂಡಿದ್ದೀನಿ. ಒಂದೇ ಒಂದು ಸಹಿ ಮಗಳೇ. ನನಗೆ ಎಪ್ಪತ್ತೆಂಟು. ನಾನೂ ಹೋದರೆ ಅವರನ್ನ ಕೇಳೋರು ಯಾರು?"

ಕಾಜಾದವಳು ಆ ಹೆಸರನ್ನು ಓದಿದಳು. "ನೀವು ಆ ಕಹಳೆಯವರಿಗೆ ಹಾಕಿದ್ದೂ ಒಂದೇ ಸಹಿ, ಅಲ್ವಾ ಅಜ್ಜಿ?"

ಅಜ್ಜಿ ಸುಳ್ಳು ಹೇಳಬಹುದಿತ್ತು. ಕತೆಯನ್ನು ಅರ್ಧಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು.

"ಹೌದು," ಎಂದಳು. "ಒಂದೇ."

"ಹಾಕಿದರೆ ಉಳಿದವರು ನನ್ನ ಹತ್ತಿರ ಬರ್ತಾರಾ?"

"ಬರ್ತಾರೆ. ಆ ಕಾಲದವರು ಇನ್ನೂ ಒಬ್ಬೊಬ್ಬರೇ ಸಾಯ್ತಾ ಇದ್ದಾರಲ್ಲಮ್ಮ." ಅಜ್ಜಿಯ ದನಿ ಪಿಸುಮಾತಿಗೆ ಇಳಿಯಿತು. "ಅವರನ್ನಾದರೂ ಒಂದು ಸಲ ನೋಡು. ಆಮೇಲೆ ಹೇಳು. ಇಸ್ತ್ರಿ ಮೇಜಿನ ಪಕ್ಕ ಇದ್ದಾರೆ, ಬೆಳಿಗ್ಗೆಯಿಂದ."

ಯಾರೂ ತಿರುಗಲಿಲ್ಲ. ಕಾಜಾದವಳೊಬ್ಬಳೇ ತಿರುಗಿದಳು. ಮೇಜಿನ ಪಕ್ಕ ಯಾರೂ ಕಾಣಲಿಲ್ಲ. ಗೋಡೆಯಿಂದ ಗೋಡೆಗೆ ಪಾದ ಮುಳುಗುವಷ್ಟು ನೀರು ನಿಂತಿತ್ತು, ಮೇಲೆ ದಾರದ ಚೂರುಗಳು ತೇಲುತ್ತಿದ್ದವು. ಅಲ್ಲಿ ಮಾತ್ರ, ಪಕ್ಕಪಕ್ಕದಲ್ಲಿ ಎರಡು ಪಾದದಷ್ಟು ಜಾಗ ಒಣಗಿತ್ತು. ನೀರು ಅದರ ಅಂಚಿಗೆ ಬಂದು, ಸುತ್ತಿಕೊಂಡು ಹೋಗುತ್ತಿತ್ತು.

ಅವಳು ತುಂಬ ಹೊತ್ತು ನೋಡಿದಳು. ಆ ಎರಡು ಪಾದಗಳಲ್ಲಿ ಒಂದು ಸ್ವಲ್ಪವೇ ಜರುಗಿತು, ನಿಂತು ಸೋತವರು ಭಾರ ಬದಲಾಯಿಸುವ ಹಾಗೆ.

ಕಾಜಾದವಳು ಪೆನ್ನನ್ನು ಎತ್ತಿ ಅಜ್ಜಿಯ ಕೈಗೇ ವಾಪಸ್ ಇಟ್ಟಳು.

"ಇಲ್ಲ ಅಜ್ಜಿ," ಎಂದಳು. "ನಾನು ಹಾಕಲ್ಲ."